ಗೇರುಬೀಜದ ಯಂತ್ರಕ್ಕೆ ಹೊರದೇಶಗಳಲ್ಲಿ ಪೇಟೆಂಟ್: ನನ್ನ ಅನುಭವ

ಬೈಕಂಪಾಡಿಯ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಗೇರುಬೀಜದ ಕಾರ್ಖಾನೆಗಳಿಗೆ ಬೇಕಾದ ಯಂತ್ರಗಳನ್ನು, ಅದರಲ್ಲೂ ತಿರುಳಿಗೆ ಅಂಟಿಕೊಂಡಿರುವ ಕೆಂಪು ಸಿಪ್ಪೆಯನ್ನು ಗಾಳಿಯ ಒತ್ತಡದಿಂದ ಬಿಡಿಸುವ ಯಂತ್ರವನ್ನು, ಅಲ್ಲಿ ತಯಾರಿಸುತ್ತೇನೆ. ಮಂಗಳೂರು, ಕಾರ್ಕಳ, ಕುಂದಾಪುರದ ಕಾರ್ಖಾನೆಗಳ ಆಚೆಗೆ ಇದಕ್ಕೆ ಬೇಡಿಕೆ ಇರುವುದು ವಿಯೆಟ್ನಾಂ ಮತ್ತು ಪಶ್ಚಿಮ ಆಫ್ರಿಕಾದಲ್ಲಿ. ಆದ್ದರಿಂದ ಪೇಟೆಂಟ್ ಮತ್ತು ಕೃತಿಸ್ವಾಮ್ಯದ ವಿಚಾರದಲ್ಲಿ ಬೇರೆ ಬೇರೆ ದೇಶಗಳ ಕಾನೂನನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಕೆಲಸವನ್ನು ನಾನೇ ಕುಳಿತು ಮಾಡಬೇಕಾಯಿತು.

ಆ ಕೆಲಸಕ್ಕೆ ನನ್ನನ್ನು ತಳ್ಳಿದ್ದು ಒಂದು ನಷ್ಟ. ಮೊದಲ ಮಾದರಿಯನ್ನು ಒಂದು ಕೃಷಿಮೇಳದಲ್ಲಿ ಮೂರು ದಿನ ಓಡಿಸಿ ತೋರಿಸಿದ್ದೆ. ಬಂದವರು ಮುಚ್ಚಳ ತೆಗೆಸಿ ಒಳಗಿನ ನಳಿಕೆಗಳು ಯಾವ ಕೋನದಲ್ಲಿ ಕುಳಿತಿವೆ ಎಂದು ಬಗ್ಗಿ ನೋಡಿದರು, ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರು. ಒಬ್ಬರು ಅದನ್ನು ಯೂಟ್ಯೂಬಿಗೂ ಹಾಕಿದರು. ಪೇಟೆಂಟ್ ಸಿಗುವುದು ಹೊಸದಕ್ಕೆ ಮಾತ್ರ, ಅರ್ಜಿಗೆ ಮೊದಲೇ ಜನರಿಗೆ ತೋರಿಸಿದ್ದು ಸಾಮಾನ್ಯವಾಗಿ ಹೊಸದೆನಿಸುವುದಿಲ್ಲ. ಐದು ತಿಂಗಳ ಬಳಿಕ ಪೇಟೆಂಟ್‌ಗೆ ಅರ್ಜಿ ಹಾಕಲು ಹೊರಟಾಗ, ಆ ಮೂರು ದಿನಗಳು ಒಂದೊಂದು ದೇಶದಲ್ಲಿ ಒಂದೊಂದು ಅರ್ಥ ಪಡೆಯುತ್ತವೆ ಎಂಬುದು ತಿಳಿಯಿತು. ಅಮೆರಿಕದಲ್ಲಿ ಸಂಶೋಧಕನೇ ಬಹಿರಂಗಪಡಿಸಿದ್ದರೆ ಆ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬಹುದು. ಜಪಾನಿನಲ್ಲೂ 2018ರಿಂದ ಹನ್ನೆರಡು ತಿಂಗಳ ಅವಕಾಶವಿದೆ. ಯುರೋಪಿನಲ್ಲಿ ಹಾಗಿಲ್ಲ, ಯಾರಾದರೂ ನಂಬಿಕೆದ್ರೋಹದಿಂದ ಹೊರಗೆಡವಿದ್ದರೆ ಅಥವಾ ಅಧಿಕೃತ ಮಾನ್ಯತೆಯುಳ್ಳ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಇಟ್ಟಿದ್ದರೆ ಮಾತ್ರ ಆರು ತಿಂಗಳ ವಿನಾಯಿತಿ ಸಿಗುತ್ತದೆ. ನಮ್ಮ 1970ರ ಪೇಟೆಂಟ್ ಕಾಯಿದೆಯ 31ನೇ ಕಲಂ ಹನ್ನೆರಡು ತಿಂಗಳ ರಕ್ಷಣೆಯನ್ನೇನೋ ಕೊಡುತ್ತದೆ, ಆದರೆ ಪ್ರದರ್ಶನದ ವಿಷಯದಲ್ಲಿ ಅದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಿಗೆ ಸೀಮಿತ. ನಾನು ಹೋಗಿದ್ದ ಮೇಳಕ್ಕೆ ಅಂಥ ಅಧಿಸೂಚನೆ ಇರಲಿಲ್ಲ. ಹೀಗೆ ನನ್ನದೇ ಊರಿನಲ್ಲಿ ಹಕ್ಕು ಹೋಯಿತು, ಗೇರುಬೀಜದ ಕಾರ್ಖಾನೆಗಳೇ ವಿರಳವಾಗಿರುವ ಅಮೆರಿಕದಲ್ಲಿ ಉಳಿಯಿತು.

ಅಮೆರಿಕದಲ್ಲಾದರೂ ಹಾಕಿಬಿಡೋಣ ಎಂದು ಹೊರಟವನನ್ನು 39ನೇ ಕಲಂ ತಡೆದು ನಿಲ್ಲಿಸಿತು. ಭಾರತದಲ್ಲಿ ವಾಸವಿರುವವರು ಮೊದಲು ಇಲ್ಲಿ ಅರ್ಜಿ ಹಾಕಿ ಆರು ವಾರ ಕಾಯಬೇಕು, ಇಲ್ಲವೇ ಪೇಟೆಂಟ್ ಕಚೇರಿಯಿಂದ ಮುಂಚಿತವಾಗಿ ಲಿಖಿತ ಅನುಮತಿ ಪಡೆಯಬೇಕು. ತಪ್ಪಿದರೆ ಜೈಲು ಶಿಕ್ಷೆಗೂ ಅವಕಾಶವಿದೆ. ಹೊರದೇಶದ ಖರೀದಿದಾರರ ಮಾತು ಕೇಳಿ ಅಲ್ಲಿಯೇ ಮೊದಲ ಅರ್ಜಿ ಹಾಕಲು ಅವಸರ ಪಡುವ ಎಲ್ಲರಿಗೂ ನಾನು ಈ ಕಲಂ ಅನ್ನು ಓದಿ ಹೇಳುತ್ತೇನೆ. ಕೊನೆಗೆ ಆ ಮಾದರಿಯನ್ನು ಕೈಬಿಟ್ಟು, ನಳಿಕೆಗಳು ತಾವೇ ಅತ್ತಿತ್ತ ತೂಗುವಂತೆ ಮಾಡಿದ ಎರಡನೆಯ ಮಾದರಿಯತ್ತ ಗಮನ ಹರಿಸಿದೆ.

ಈ ಬಾರಿ ಯಂತ್ರವನ್ನು ತಗಡಿನ ಮರೆಯಲ್ಲಿಯೇ ಓಡಿಸಿದೆ. ಕರ್ನಾಟಕ ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುವುದರಿಂದ ಅಲ್ಲಿಗೆ ಆನ್‌ಲೈನ್ ಮೂಲಕ ಪ್ರೊವಿಷನಲ್ ಅರ್ಜಿ, ಅಂದರೆ ಪೂರ್ಣ ವಿವರ ಕೊಡುವ ಮೊದಲೇ ದಿನಾಂಕವನ್ನು ಕಾಯ್ದಿರಿಸುವ ತಾತ್ಕಾಲಿಕ ಅರ್ಜಿ, ಸಲ್ಲಿಸಿದೆ. ವೈಯಕ್ತಿಕ ಅರ್ಜಿದಾರನಾದ್ದರಿಂದ ಶುಲ್ಕ 1,600 ರೂಪಾಯಿ. ಆ ದಿನಾಂಕವನ್ನು ಕೈಯಲ್ಲಿ ಹಿಡಿದು ಹನ್ನೆರಡು ತಿಂಗಳೊಳಗೆ ಪಿಸಿಟಿ ಎಂಬ, ಹಲವು ದೇಶಗಳಿಗೆ ಒಂದೇ ಅರ್ಜಿಯಿಂದ ಆರಂಭಿಸಲು ಅವಕಾಶ ಕೊಡುವ ಒಪ್ಪಂದದಡಿ ಅಂತರರಾಷ್ಟ್ರೀಯ ಅರ್ಜಿ ಹಾಕಿದರೆ, ಯಾವ ದೇಶಕ್ಕೆ ಹೋಗಬೇಕೆಂದು ತೀರ್ಮಾನಿಸಲು ಮೊದಲ ದಿನಾಂಕದಿಂದ ಎಣಿಸಿ ಮೂವತ್ತು ತಿಂಗಳು, ಕೆಲವೆಡೆ ಮೂವತ್ತೊಂದು ತಿಂಗಳು ಸಿಗುತ್ತದೆ. ಸಣ್ಣ ವರ್ಕ್‌ಶಾಪ್‌ನವನಿಗೆ ಆ ಸಮಯವೇ ದೊಡ್ಡ ಬಂಡವಾಳ.

ದೇಶಗಳನ್ನು ಆಯುವಾಗ ರಕ್ಷಣೆ ಎಷ್ಟು ವರ್ಷ ಎಂದು ನೋಡುವುದರಿಂದ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಅವಧಿ ಬಹುತೇಕ ಎಲ್ಲೆಡೆ ಅರ್ಜಿಯ ದಿನದಿಂದ ಇಪ್ಪತ್ತು ವರ್ಷವೇ. ನಾನು ನೋಡಿದ್ದು ಒಂದು ಅರ್ಜಿ ಎಷ್ಟು ದೂರ ತಲುಪುತ್ತದೆ, ಯಾವ ಭಾಷೆಯಲ್ಲಿ ಬರೆಯಬೇಕು ಎಂಬುದನ್ನು. ಐವರಿ ಕೋಸ್ಟ್, ಬೆನಿನ್, ಬುರ್ಕಿನಾ ಫಾಸೊ ಮುಂತಾದ 17 ದೇಶಗಳಿಗೆ ಒಎಪಿಐ ಎಂಬ ಒಂದೇ ಸಂಸ್ಥೆಯಿದೆ. ಅದರ ಕಚೇರಿ ಕ್ಯಾಮರೂನಿನ ಯೌಂಡೆಯಲ್ಲಿದೆ. ಇಂಗ್ಲಿಷಿನಲ್ಲಿಯೇ ಸಲ್ಲಿಸಬಹುದಾದ ಒಂದು ಅರ್ಜಿಯಿಂದ ಸಿಗುವ ಒಂದು ಪೇಟೆಂಟ್ ಹದಿನೇಳಕ್ಕೂ ಅನ್ವಯಿಸುತ್ತದೆ, ದೇಶ ಆಯುವ ಪ್ರಶ್ನೆಯೇ ಇಲ್ಲ; ಆದರೆ ನಕಲು ಮಾಡಿದವರ ಮೇಲೆ ದಾವೆ ಹೂಡುವುದು ಆಯಾ ದೇಶದ ನ್ಯಾಯಾಲಯದಲ್ಲಿ. ಪಕ್ಕದ ಘಾನಾ ಮತ್ತು ಪೂರ್ವದ ತಾಂಜಾನಿಯ ಇದರಲ್ಲಿಲ್ಲ. ಅವು ಎಆರ್‌ಐಪಿಒ ಎಂಬ ಬೇರೆ ವ್ಯವಸ್ಥೆಗೆ ಸೇರಿದ್ದು, ಅಲ್ಲಿ ಬೇಕಾದ ದೇಶಗಳನ್ನು ಹೆಸರಿಸಬೇಕು. ವಿಯೆಟ್ನಾಂನಲ್ಲಿ ಅರ್ಜಿ ವಿಯೆಟ್ನಾಮೀ ಭಾಷೆಯಲ್ಲೇ ಇರಬೇಕಾದ್ದರಿಂದ ಅನುವಾದದ ಖರ್ಚು ಸೇರುತ್ತದೆ. ಆದರೆ ಅಲ್ಲಿ, ಚೀನಾ ಮತ್ತು ಜರ್ಮನಿಯಲ್ಲಿರುವಂತೆ, ಸಣ್ಣ ಸುಧಾರಣೆಗಳಿಗಾಗಿಯೇ ಹತ್ತು ವರ್ಷದ ಕಿರು ಪೇಟೆಂಟ್ ಸಿಗುತ್ತದೆ. ಭಾರತದಲ್ಲಿ ಅದಿಲ್ಲ. ನಮ್ಮ ಕರಾವಳಿಯ ವರ್ಕ್‌ಶಾಪ್‌ಗಳಲ್ಲಿ ನಡೆಯುವ ಸುಧಾರಣೆಗಳಲ್ಲಿ ಹೆಚ್ಚಿನವು ಇಂಥವೇ ಆಗಿರುವುದರಿಂದ, ಈ ಕೊರತೆಯ ಬಗ್ಗೆ ನನಗೆ ನಿಜವಾದ ಬೇಸರವಿದೆ. ನಾನು ಒಎಪಿಐ ಮತ್ತು ವಿಯೆಟ್ನಾಂ ಎರಡನ್ನೇ ಆರಿಸಿಕೊಂಡೆ.

ಯಂತ್ರವನ್ನು ನಿಯಂತ್ರಿಸುವ ಪ್ರೋಗ್ರಾಂನ ಕಥೆ ಬೇರೆ. ನಮ್ಮ ಕಾಯಿದೆಯ 3(ಕೆ) ಕಲಂ ಪ್ರಕಾರ ಬರಿಯ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಇಲ್ಲ. ಅದು ಸಾಹಿತ್ಯ ಕೃತಿಯೆಂದು ಕೃತಿಸ್ವಾಮ್ಯದಡಿ ಬರುತ್ತದೆ. ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಇದಕ್ಕೆ ಅರ್ಜಿ, ನೋಂದಣಿ ಯಾವುದೂ ಬೇಕಿಲ್ಲ. ಕರ್ತೃವಿನ ಮರಣಾನಂತರ ಇಲ್ಲಿ ಅರವತ್ತು ವರ್ಷ, ಯುರೋಪಿನಲ್ಲಿ ಎಪ್ಪತ್ತು ಎಂಬ ವ್ಯತ್ಯಾಸ ಯಂತ್ರದ ಪ್ರೋಗ್ರಾಂಗೆ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬಂದದ್ದು ಅದರ ಮಾಲೀಕರು ಯಾರು ಎಂಬುದು. ಅದನ್ನು ಬರೆದುಕೊಟ್ಟವರು ಮಣಿಪಾಲದ ಒಬ್ಬ ಯುವಕ. ನನ್ನ ನೌಕರರಲ್ಲ, ಗುತ್ತಿಗೆಯ ಮೇಲೆ ಬರೆದವರು. ನೌಕರರು ಕೆಲಸದ ಭಾಗವಾಗಿ ಬರೆದದ್ದು ಬೇರೆ ಕರಾರು ಇಲ್ಲದಿದ್ದರೆ ಮಾಲೀಕನದು, ಆದರೆ ಇಂಥವರು ಬರೆದದ್ದು ಲಿಖಿತವಾಗಿ ವರ್ಗಾಯಿಸುವವರೆಗೆ ಅವರದೇ. ನಮ್ಮ ನಡುವೆ ಒಂದು ಪುಟದ ಕರಾರು ಇತ್ತು, "ಎಲ್ಲ ಹಕ್ಕುಗಳನ್ನು ವರ್ಗಾಯಿಸಲಾಗಿದೆ" ಎಂದೂ ಅದರಲ್ಲಿತ್ತು. ಐವರಿ ಕೋಸ್ಟ್‌ನ ಅಬಿಜಾನ್‌ಗೆ ಮೊದಲ ಯಂತ್ರ ಕಳುಹಿಸುವ ಮುನ್ನ ಕೃತಿಸ್ವಾಮ್ಯ ಕಾಯಿದೆಯ 19ನೇ ಕಲಂ ಓದಿದಾಗ ಅದರ ನಿಜವಾದ ಬೆಲೆ ತಿಳಿಯಿತು: ಅವಧಿ ಬರೆಯದಿದ್ದರೆ ವರ್ಗಾವಣೆ ಐದು ವರ್ಷಕ್ಕೆ ಮಾತ್ರ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ನಮ್ಮ ಕರಾರಿನಲ್ಲಿ ಎರಡೂ ಇರಲಿಲ್ಲ.

ಅವರನ್ನು ವರ್ಕ್‌ಶಾಪ್‌ಗೆ ಕರೆಸಿ ಹೊಸ ಛಾಪಾ ಕಾಗದವನ್ನು ಮುಂದಿಟ್ಟಾಗ, "ದುಡ್ಡು ಕೊಟ್ಟಾಯ್ತಲ್ಲ ಸರ್, ಇನ್ನು ಇದು ಯಾಕೆ?" ಎಂದು ಕೇಳಿದರು. ಕಾಯಿದೆಯ ಪುಟವನ್ನೇ ತೋರಿಸಿದೆ. ನಿಧಾನವಾಗಿ ಎರಡು ಸಲ ಓದಿ, ಜರ್ಮನಿಯಲ್ಲಿ ಹೇಗೆ ಎಂದು ವಿಚಾರಿಸಿದರು. ಅಲ್ಲಿ ಕರ್ತೃವಿನ ಕೃತಿಸ್ವಾಮ್ಯವನ್ನು ಮಾರಲು ಬರುವುದೇ ಇಲ್ಲ, ಬಳಸುವ ಹಕ್ಕನ್ನಷ್ಟೇ ಕೊಡಬಹುದು ಎಂದೆ. ಹಾಗಾಗಿ ವರ್ಗಾವಣೆ ಸಲ್ಲದ ದೇಶಗಳಲ್ಲಿ ಬಳಕೆಯ ಪೂರ್ಣ ಹಕ್ಕು ನನಗೆ ಎಂಬ ವಾಕ್ಯವನ್ನೂ, "ಜಗತ್ತಿನ ಎಲ್ಲ ದೇಶಗಳಲ್ಲಿ, ಕೃತಿಸ್ವಾಮ್ಯ ಇರುವಷ್ಟು ಕಾಲ" ಎಂಬ ಮಾತನ್ನೂ ಸೇರಿಸಿದೆವು. ಪ್ರೋಗ್ರಾಂನಲ್ಲಿ ತಮ್ಮ ಹೆಸರು ಉಳಿಯಬೇಕೆಂದು ಅವರು ಕೇಳಿದರು. ಅದು ನ್ಯಾಯವಾದ ಕೋರಿಕೆಯಾದ್ದರಿಂದ ಅದನ್ನೂ ಬರೆಸಿ ಇಬ್ಬರೂ ಸಹಿ ಹಾಕಿದೆವು. ಆ ವಾರದ ಕೊನೆಯಲ್ಲಿ ಯಂತ್ರ ಪಣಂಬೂರಿನ ಬಂದರಿಗೆ ಹೋಯಿತು.