ತಿಗರಿಗೂ ಮೊದಲು ಮಣ್ಣಿನ ಹದ

ಗೌರಿ-ಗಣೇಶ ಹಬ್ಬ ಹತ್ತಿರ ಬಂದಾಗ ಮೈಸೂರಿನ ಕುಂಬಾರಗೇರಿಯಲ್ಲಿ ಮಣ್ಣಿನ ಗಣಪಗಳು ಸಾಲಾಗಿ ಕೂತಿರುತ್ತವೆ. ಮನೆಗೆ ತಂದು ಪೂಜೆ ಮುಗಿಸಿ ಬಕೆಟ್ ನೀರಿಗೆ ಬಿಟ್ಟರೆ ಆ ಗಣಪ ಕರಗಿ ಕೆಸರಾಗುತ್ತಾನೆ. ದೀಪಾವಳಿಯ ಹಣತೆ ಮಾತ್ರ ಎಷ್ಟು ದಿನ ನೀರಲ್ಲಿ ಬಿದ್ದಿದ್ದರೂ ಹಾಗೇ ಇರುತ್ತದೆ. ಎರಡೂ ಮಣ್ಣೇ ಅಲ್ವಾ? ಒಂದು ಬೆಂಕಿ ಕಂಡಿಲ್ಲ, ಇನ್ನೊಂದು ಕಂಡಿದೆ, ಅಷ್ಟೇ.

ಮಡಕೆ ಕೆಲಸ ಕಲಿಯಬೇಕು ಅನ್ನುವವರು ಮೊದಲು ಕೇಳುವುದು ತಿಗರಿ, ಅಂದರೆ ಕುಂಬಾರರ ಚಕ್ರದ ಬಗ್ಗೆ. ತಿಗರಿ ಆಮೇಲೆ ನೋಡೋಣ. ಮೊದಲು ಮಣ್ಣಿನ ಹದ ಕೈಗೆ ಗೊತ್ತಾಗಬೇಕು. ಅದಕ್ಕೆ ಒಂದು ಹಣತೆ ಸಾಕು.

ಬೇಕಾಗಿರುವುದು ಜೇಡಿಮಣ್ಣು. ಬೇಸಿಗೆಯಲ್ಲಿ ಬತ್ತಿದ ಕೆರೆಯ ಅಂಗಳದ ಅಂಟು ಮಣ್ಣು ಇದಕ್ಕೆ ಒಳ್ಳೆಯದು. ಒಂದು ಹಿಡಿ ಒದ್ದೆ ಮಾಡಿ, ಕೋಡುಬಳೆಗೆ ಹೊಸೆದ ಹಾಗೆ ಹೊಸೆದು ಬೆರಳಿಗೆ ಸುತ್ತಿ. ಬಿರುಕು ಬಿಡದಿದ್ದರೆ ಮಣ್ಣು ಸರಿಯಾಗಿದೆ. ಬಿರುಕು ಬಿಟ್ಟರೆ ಮರಳು ಜಾಸ್ತಿ. ಕೈಗೆ ವಿಪರೀತ ಅಂಟಿದರೆ ಸ್ವಲ್ಪ ನುಣುಪು ಮರಳು ಬೆರೆಸಿ. ಬಿಳಿ ಸುಣ್ಣಕಲ್ಲಿನ ಚೂರುಗಳನ್ನು ಮಾತ್ರ ಒಂದೂ ಬಿಡದೆ ಆರಿಸಿ. ಅವು ಬೆಂಕಿಯಲ್ಲಿ ಸುಟ್ಟ ಸುಣ್ಣವಾಗುತ್ತವೆ. ಆಮೇಲೆ ಗಾಳಿಯ ತೇವ ಹೀರಿ ಉಬ್ಬಿ, ಚೆನ್ನಾಗಿ ಬೆಂದ ಹಣತೆಯನ್ನೂ ಸಿಡಿಸುತ್ತವೆ.

ಮಣ್ಣನ್ನು ಪೂರ್ತಿ ಒಣಗಿಸಿ, ಪುಡಿ ಮಾಡಿ ನೆನೆಹಾಕಿ. ಅರೆಬರೆ ಒದ್ದೆ ಹೆಂಟೆಗಿಂತ ಒಣಗಿದ ಮಣ್ಣೇ ಬೇಗ ನೀರು ಕುಡಿದು ಬಿಡಿಸಿಕೊಳ್ಳುತ್ತದೆ. ಮಾರನೇ ದಿನ ಜರಡಿ ಹಿಡಿದು, ತಿಳಿ ನೀರು ಬಸಿದು, ಹಳೇ ಪಂಚೆಯ ಮೇಲೆ ಸುರಿದು ಗಟ್ಟಿಯಾಗಲು ಬಿಡಿ.

ಇನ್ನು ನಾದುವುದು. ಕುಂಬಾರರು ಇದನ್ನು ಕಾಲಲ್ಲಿ ತುಳಿದು ಮಾಡುತ್ತಾರೆ. ನಮಗೆ ಅಂಗೈ ಸಾಕು. ರಾಗಿ ಮುದ್ದೆ ತೊಳಸಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ: ಒಳಗೆ ಗಂಟಿರಬಾರದು, ಕೈಗೆ ಮೆತ್ತಬಾರದು, ಒತ್ತಿದರೆ ಒತ್ತಿದ ಹಾಗೆ ನಿಲ್ಲಬೇಕು. ಗಟ್ಟಿ ದಾರದಿಂದ ಉಂಡೆಯನ್ನು ಎರಡು ಹೋಳು ಮಾಡಿ ನೋಡಿ. ತೂತುಗಳು ಕಂಡರೆ ಇನ್ನೂ ನಾದಿ. ಬೇಸರ ಬಂದು ಇಲ್ಲಿ ನಿಲ್ಲಿಸಿದರೆ ಮುಂದಿನ ಪ್ರತಿ ಹಂತದಲ್ಲೂ ತೊಂದರೆ.

ನಿಂಬೆಹಣ್ಣಿನಷ್ಟು ಉಂಡೆ ತೆಗೆದುಕೊಳ್ಳಿ. ನಡುವೆ ಹೆಬ್ಬೆರಳು ಒತ್ತಿ, ಉಂಡೆಯನ್ನು ತಿರುಗಿಸುತ್ತಾ ಅಂಚನ್ನು ಚಿವುಟುತ್ತಾ ಬನ್ನಿ. ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರಲಿ. ಒಂದು ಕಡೆ ಮೂತಿ ಎಳೆಯಿರಿ, ಬತ್ತಿಗೆ ಜಾಗವಾಯಿತು. ದೊಡ್ಡ ಪಾತ್ರೆ ಬೇಕಾದರೆ ಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದು ಸುತ್ತಿ ಏರಿಸಬಹುದು. ಆಗ ಸೇರುವ ಎರಡೂ ಮೈಯನ್ನು ಕಡ್ಡಿಯಿಂದ ಗೀರಿ, ಗಂಜಿಯಂಥ ಮಣ್ಣು ಸವರಿ ಒತ್ತಬೇಕು. ಸುಮ್ನೆ ಅಂಟಿಸಿದರೆ ಒಣಗುವಾಗ ಬಿಟ್ಟುಕೊಳ್ಳುತ್ತದೆ.

ತಿಗರಿಯ ಮೇಲೆ ಮೊದಲ ಪಾಠ ಉಂಡೆಯನ್ನು ನಟ್ಟ ನಡುವೆ ಕೂರಿಸುವುದು. ಅದು ಅಲುಗಾಡದೆ ತಿರುಗಿದರೆ ಮಾತ್ರ ಗೋಡೆ ಸಮವಾಗಿ ಏಳುತ್ತದೆ. ನಮ್ಮ ದುಂಡು ತಳದ ಮಡಕೆಗಳು ತಿಗರಿಯಲ್ಲೇ ಮುಗಿಯುವುದಿಲ್ಲ. ಸ್ವಲ್ಪ ಒಣಗಿದ ಮೇಲೆ ಒಳಗೆ ದುಂಡು ಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ತಳ ತುಂಬುತ್ತಾರೆ. ಆ ಕೆಲಸ ಒಮ್ಮೆ ಹತ್ತಿರ ಕೂತು ನೋಡಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವ ಗಾದೆ ಯಾಕೆ ಹುಟ್ಟಿತು ಅಂತ ಅರ್ಥವಾಗುತ್ತದೆ.

ಒಣಗಿಸುವುದು ನೆರಳಲ್ಲಿ. ಒಣಗುವಾಗ ಮಣ್ಣು ಕುಗ್ಗುತ್ತದೆ. ಬಿಸಿಲಿಗಿಟ್ಟರೆ ಅಂಚು ಮೊದಲು ಕುಗ್ಗಿ, ಹಸಿ ತಳ ಜೊತೆಗೆ ಬರದೆ ಸೀಳುತ್ತದೆ. ನನ್ನ ಮೊದಲ ಆರು ಹಣತೆ ಮೇಲೆ ಒಣಗಿದ ಹಾಗೆ ಕಂಡವು, ಎರಡೇ ದಿನಕ್ಕೆ ಬೆಂಕಿಗೆ ಇಟ್ಟೆ. ಒಳಗಿನ ತೇವ ಆವಿಯಾಗಿ ನಾಲ್ಕು ಒಡೆದವು. ಆ ಸದ್ದು ಇನ್ನೂ ನೆನಪಿದೆ. ಈಗ ಕೆನ್ನೆಗೆ ತಾಗಿಸಿ ನೋಡುತ್ತೇನೆ. ತಣ್ಣಗಿದ್ದರೆ ಒಳಗೆ ತೇವ ಇದೆ ಅಂತ ಅರ್ಥ.

ಸುಡುವ ಗೂಡಿಗೆ ಆವಿಗೆ ಅನ್ನುತ್ತಾರೆ. ಗ್ಯಾಸ್ ಒಲೆಯ ಮೇಲೆ ಇಡಬೇಡಿ, ಶಾಖ ಒಂದೇ ಕಡೆ ತಾಗಿ ಒಡೆಯುತ್ತದೆ. ಆವಿಗೆ ಹಾಕುವವರನ್ನು ಕೇಳಿ, ಅವರ ಮಡಕೆಗಳ ಜೊತೆ ಇಡಿಸುವುದು ಒಳ್ಳೆಯದು. ಬೆಂಕಿ ನಿಧಾನವಾಗಿ ಏರಬೇಕು. ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಮಣ್ಣಿನ ಕಣದೊಳಗೇ ಸೇರಿಕೊಂಡಿದ್ದ ನೀರೂ ಹೊರಟುಹೋಗಿರುತ್ತದೆ. ಅಲ್ಲಿಂದ ಮುಂದೆ ಅದು ಮತ್ತೆ ಕೆಸರಾಗುವುದಿಲ್ಲ. ಮಣ್ಣಿನಲ್ಲಿರುವ ಕಬ್ಬಿಣಕ್ಕೆ ಗಾಳಿ ಸಿಕ್ಕರೆ ಹಣತೆ ಕೆಂಪಗಾಗುತ್ತದೆ. ಗಾಳಿ ಮುಚ್ಚಿ ಹೊಗೆ ಕೂಡಿಸಿದರೆ ಕಪ್ಪು.

ಆವಿಗೆ ಪೂರ್ತಿ ಆರಿದ ಮೇಲೆ ತೆಗೆದು ಬೆರಳ ಗೆಣ್ಣಿನಿಂದ ತಟ್ಟಿ. ಟಣ್ ಅಂದರೆ ಬೆಂದಿದೆ. ಮಂದ ಸದ್ದು ಬಂದರೆ ಎಲ್ಲೋ ಬಿರುಕಿದೆ, ಇಲ್ಲವೇ ಸರಿಯಾಗಿ ಬೆಂದಿಲ್ಲ. ಎಣ್ಣೆ ಹಾಕುವ ಮೊದಲು ಒಂದೆರಡು ಗಂಟೆ ನೀರಲ್ಲಿ ನೆನೆಸಿ ಮೇಲಿನ ನೀರು ಆರಿಸಿ. ಹೊಸ ಹಣತೆ ಆಗ ಎಣ್ಣೆ ಕಡಿಮೆ ಕುಡಿಯುತ್ತದೆ.