ಆನೆ ದಾರಿಗೆ ರಿಜಿಸ್ಟರ್ ಕರಾರು: ನನ್ನ ಅನುಭವ

ಪಟ್ಟಾ ಜಮೀನಲ್ಲಿ ಆನೆ ದಾರಿಯನ್ನು ಕಾಗದದ ಮೇಲೆ ಉಳಿಸೋಕೆ ಆಗಲ್ಲ ಅಂದವರೇ ಜಾಸ್ತಿ. ಗುಂಡ್ಲುಪೇಟೆ ಕಡೆ, ಬಂಡೀಪುರದ ಅಂಚಿನಲ್ಲಿ ನಾವು ಅಕ್ಕಪಕ್ಕದ ನಾಲ್ಕು ಮನೆಯವರು ಉಳಿಸಿಕೊಂಡಿದ್ದೇವೆ. ಹಳ್ಳದ ಪಕ್ಕ ಸುಮಾರು ಅರವತ್ತು ಅಡಿ ಅಗಲ, ಒಟ್ಟು ಮೂರೂವರೆ ಎಕರೆ ಇರಬಹುದು.

ಮೊದಲು ಕೈ ಹಾಕಿದ್ದು ಸಮುದಾಯ ಮೀಸಲಿಗೆ, ಅಂದರೆ ಜನರೇ ಮುಂದೆ ಬಂದು ವನ್ಯಜೀವಿಗಾಗಿ ಬಿಡುವ ಜಾಗಕ್ಕೆ. ವನ್ಯಜೀವಿ ಕಾಯ್ದೆಯ 36ಸಿ ಕಲಂ ಪ್ರಕಾರ ರೈತ ತಾನಾಗಿ ಮುಂದೆ ಬಂದರೆ ಖಾಸಗಿ ಜಮೀನನ್ನೂ ಸರ್ಕಾರ ಹಾಗೆ ಘೋಷಿಸಬಹುದು. ಮಂಡ್ಯ ಜಿಲ್ಲೆಯ ಹಕ್ಕಿಗಳ ಊರು ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲಾಯಿತು. ಆದರೆ ಆಮೇಲೆ ಭೂಬಳಕೆ ಬದಲಿಸಲು ಸಮಿತಿಯ ನಿರ್ಣಯವೂ ಬೇಕು, ಸರ್ಕಾರದ ಒಪ್ಪಿಗೆಯೂ ಬೇಕು. ಇದನ್ನು ಓದಿ ಹೇಳಿದ ಸಂಜೆಯೇ ಇಬ್ಬರು ಟವೆಲ್ ಕೊಡವಿಕೊಂಡು ಎದ್ದರು. ಆಮೇಲೆ ಒಂದು ಸಂಸ್ಥೆ ಗುತ್ತಿಗೆಗೆ ಕೇಳಿತು. ಕೃಷಿ ಜಮೀನನ್ನು ಗುತ್ತಿಗೆ ಕೊಡಬಾರದು ಅನ್ನುವ ಭೂ ಸುಧಾರಣಾ ಕಾಯ್ದೆಯ 5ನೇ ಕಲಂ ಅಡ್ಡ ಬಂತು. ವಕೀಲರ ಫೀಸು ಎಂಟೋ ಒಂಬತ್ತೋ ಸಾವಿರ ನೀರುಪಾಲು.

ದಾರಿ ಸಿಕ್ಕಿದ್ದು ಆಸ್ತಿ ವರ್ಗಾವಣೆ ಕಾಯ್ದೆಯ 40ನೇ ಕಲಮಿನಲ್ಲಿ: ತನ್ನ ಜಮೀನಿನ ಒಳಿತಿಗೆ ಪಕ್ಕದ ಜಮೀನಿನ ಬಳಕೆಗೆ ಹಾಕಿಸಿಕೊಂಡ ಕಟ್ಟುಪಾಡು, ಅದು ಗೊತ್ತಿದ್ದು ಕೊಂಡವನಿಗೂ ಅನ್ವಯಿಸುತ್ತದೆ. ಆನೆ ಕರಾರಿಗೆ ಸಹಿ ಹಾಕಲ್ಲ, ಪಕ್ಕದ ಜಮೀನಿನವನು ಹಾಕಬಹುದು ಅಲ್ವಾ? ಮುಂದಿನವನು ದಾರಿಗೆ ಬೇಲಿ ಹಾಕಿದರೆ ಆನೆ ತಿರುಗಿ ಹಿಂದಿನವನ ಅರಿಸಿನದ ಹೊಲಕ್ಕೇ ನುಗ್ಗುತ್ತದೆ. ಹಾಗಾಗಿ ಒಬ್ಬರ ಬೆಳೆ ಕಾಯಲು ಇನ್ನೊಬ್ಬರು ಒಪ್ಪಿದಂತೆ ಬರೆಸಿದೆವು: ಆನೆ ದಾರಿಯ ಜಾಗದಲ್ಲಿ ತಂತಿ, ಬಾಳೆ, ಕಬ್ಬು, ಶೆಡ್ಡು, ರಾತ್ರಿ ದೀಪ ಇರಬಾರದು. ರಿಜಿಸ್ಟರ್ ಮಾಡಿಸಿದೆವು. ಋಣಭಾರ ಪತ್ರ ತೆಗೆಸಿದರೆ ಕಾಣುತ್ತದೆ, ಕೊಳ್ಳುವವನು ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ.

ಛಾಪಾ, ಬರಹ, ಓಡಾಟ ಸೇರಿ ಇಪ್ಪತ್ತು ಸಾವಿರದ ಆಸುಪಾಸು. ಸೋಲಾರ್ ಬೇಲಿಯನ್ನು ಒಳಕ್ಕೆ ಸರಿಸಿದ್ದೇ ದುಬಾರಿ, ಒಂದೂವರೆ ಲಕ್ಷ ದಾಟಿತು. ಸಬ್ಸಿಡಿ ಕಡತ ಒಂದು ಕಚೇರಿಯಲ್ಲಿ ವರ್ಷಗಟ್ಟಲೆ ಮಲಗಿತ್ತು. ಬೇಲಿ ಎಲ್ಲಿ ತಿರುಗಬೇಕು ಅನ್ನೋದು ಇಲ್ಲಿ ಬೇಡ, ಬಂದರೆ ತೋರಿಸುತ್ತೇನೆ.

ನಡುವೆ ಆನೆಯನ್ನು ಹೊಲದಿಂದ ದೂರ ಇಡಲು ಜೇನುಪೆಟ್ಟಿಗೆ ಬೇಲಿಯನ್ನೂ ಹಾಕಿ ನೋಡಿದೆ. ಬೇಸಿಗೆಯಲ್ಲಿ ಜೇನು ಎದ್ದು ಹೋಯಿತು, ಖಾಲಿ ಪೆಟ್ಟಿಗೆಗೆ ಆನೆ ಕ್ಯಾರೇ ಅನ್ನಲಿಲ್ಲ. ಮೆಣಸಿನಕಾಯಿ ಹೊಗೆಗೆ ಕೆಮ್ಮಿದ್ದು ನಾವೇ.

2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ರೈತರಲ್ಲದವರೂ ಜಮೀನು ಕೊಳ್ಳಬಹುದು. ನಮ್ಮಲ್ಲೊಬ್ಬರು ಹೋದ ವರ್ಷ ಬೆಂಗಳೂರಿನವರಿಗೆ ಮಾರಿದರು. ಕಾಂಪೌಂಡ್ ಕಟ್ಟೇ ಕಟ್ಟುತ್ತಾರೆ ಅಂತ ಊರೆಲ್ಲ ನಕ್ಕಿತ್ತು. ಅವರ ವಕೀಲರು ಪತ್ರ ನೋಡಿದರು, ಬೆಲೆ ಸ್ವಲ್ಪ ಇಳಿಸಿದರು, ಆನೆ ದಾರಿ ಮುಟ್ಟಲಿಲ್ಲ. ನಕ್ಕವರೇ ಈಗ ಕರಾರಿನ ನಕಲು ಕೇಳುತ್ತಿದ್ದಾರೆ. ಕೊಡುತ್ತೇನೆ, ಬೆಳೆ ನಷ್ಟ ಹಂಚಿಕೊಳ್ಳುವ ಪುಟ ಒಂದನ್ನು ಬಿಟ್ಟು.