ಪ್ರಾರ್ಥನೆ ಬಾಯಿಗೆ ಬಾರದ ದಿನಗಳಲ್ಲಿ ಏನು ಮಾಡಬಹುದು

ಮನೆಗೆ ಕಷ್ಟ ಬಂತು ಅಂತ ಗೊತ್ತಾದ ಕೂಡಲೇ ನಮ್ಮವರ ವಾಟ್ಸಾಪಿನಲ್ಲಿ ಮೊದಲು ಬರುವುದು ಒಂದು ಬೈಬಲ್ ವಚನ. ಹಿಂದೆ ಸೂರ್ಯೋದಯ, ಕೆಳಗೆ ಎರಡು ಗುಲಾಬಿ. ಕಳಿಸಿದವರ ಮನಸ್ಸು ಒಳ್ಳೆಯದೇ. ಆದರೆ ಆಸ್ಪತ್ರೆಯ ಬಿಲ್ಲು ಹಿಡಿದು ಕೌಂಟರಿನ ಮುಂದೆ ನಿಂತವರಿಗೆ ಅದು ತಲೆಗೆ ಹೋಗುವುದಿಲ್ಲ. ಹಾಗಾದರೆ ಆಗ ಏನು ಮಾಡುವುದು? ನನಗೆ ಉಪಯೋಗಕ್ಕೆ ಬಂದದ್ದನ್ನು ಬರೆಯುತ್ತೇನೆ, ಅಷ್ಟೇ. ನಾನು ಫಾದರೂ ಅಲ್ಲ, ಸಿಸ್ಟರೂ ಅಲ್ಲ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲು ಹತ್ತಿರ, ಬೇಳ ಇಗರ್ಜಿಯ (ಚರ್ಚಿನ) ಕಡೆ. ಮನೆಯಲ್ಲಿ ಕೊಂಕಣಿ, ತೋಟದ ಕೆಲಸದವರ ಜೊತೆ ತುಳು, ಪಂಚಾಯತಿಗೆ ಹೋದರೆ ಮಲಯಾಳ. ಶಾಲೆಯಲ್ಲಿ ಕಲಿತದ್ದು ಕನ್ನಡ, ಆಮೇಲೆ ನಿವೃತ್ತಿಯವರೆಗೆ ಕಲಿಸಿದ್ದೂ ಕನ್ನಡವೇ. ಹಾಗಾಗಿ ಬೈಬಲ್ ಓದುವುದು, ದೇವರ ಹತ್ತಿರ ಜಗಳ ಆಡುವುದು ಎಲ್ಲಾ ಕನ್ನಡದಲ್ಲಿ. ನಮ್ಮ ಯಜಮಾನರ ಕಿಡ್ನಿ ಕೈಕೊಟ್ಟು ಕೆಲವು ವರ್ಷ ಆಯಿತು. ಡಯಾಲಿಸಿಸ್‌ಗೆ ತಲಪಾಡಿಯ ರಾಜ್ಯ ಗಡಿ ದಾಟಿ ಮಂಗಳೂರಿಗೆ ಹೋಗಬೇಕು. 2020ರ ಮಾರ್ಚಿನಲ್ಲಿ ಆ ಗಡಿಯೇ ಮುಚ್ಚಿತು, ಇಗರ್ಜಿಯೂ ಮುಚ್ಚಿತು. ಆಗ ಕಲಿತದ್ದೇ ಜಾಸ್ತಿ.

ಮೊದಲು ಊಟ, ನಿದ್ದೆ

ಇದು ಭಕ್ತಿಯ ಮಾತಿನ ಹಾಗೆ ಕೇಳಿಸುವುದಿಲ್ಲ, ಅಲ್ವಾ? ಒಂದನೆಯ ಅರಸುಗಳ ಪುಸ್ತಕದ 19ನೇ ಅಧ್ಯಾಯ ತೆಗೆದು ನೋಡಿ. ಪ್ರವಾದಿ ಎಲೀಯ ಜೀವ ಉಳಿಸಿಕೊಳ್ಳಲು ಓಡಿ ಓಡಿ ಮರುಭೂಮಿಗೆ ಬರುತ್ತಾನೆ. ಒಂದು ಗಿಡದ ಬುಡದಲ್ಲಿ ಕೂತು, ಸಾಕಪ್ಪಾ, ನನ್ನ ಪ್ರಾಣ ತೆಗೆದುಬಿಡು ಅಂತ ದೇವರಿಗೆ ಹೇಳಿ ಮಲಗುತ್ತಾನೆ. ದೇವದೂತ ಬಂದು ಬುದ್ಧಿ ಹೇಳುವುದಿಲ್ಲ. ನಂಬಿಕೆ ಎಲ್ಲಿ ಹೋಯಿತು ಅಂತ ಕೇಳುವುದಿಲ್ಲ. ತಟ್ಟಿ ಎಬ್ಬಿಸಿ, ಏಳು, ತಿನ್ನು ಅನ್ನುತ್ತಾನೆ. ತಲೆಯ ಹತ್ತಿರ ಬಿಸಿ ಕಲ್ಲಿನ ಮೇಲೆ ಸುಟ್ಟ ರೊಟ್ಟಿ, ಒಂದು ಪಾತ್ರೆ ನೀರು. ಎಲೀಯ ತಿಂದು ಪುನಃ ಮಲಗುತ್ತಾನೆ. ದೂತ ಎರಡನೇ ಸಲ ಎಬ್ಬಿಸುತ್ತಾನೆ, ದಾರಿ ದೂರ ಇದೆ, ತಿನ್ನು ಅಂತ. ದೇವರು ಅವನ ಹತ್ತಿರ ಮಾತಿಗೆ ಕೂರುವುದು ಇದೆಲ್ಲಾ ಆದ ಮೇಲೆ, ಹೋರೇಬ್ ಬೆಟ್ಟದಲ್ಲಿ.

ಹಾಗಾಗಿ ರೋಗಿಯನ್ನು ನೋಡಿಕೊಳ್ಳುವವರಿಗೆ ನನ್ನ ಮೊದಲ ಮಾತು ಇಷ್ಟೇ. ರಾತ್ರಿ ಮೂರು ಗಂಟೆ ಮಾತ್ರ ನಿದ್ದೆ ಸಿಗುತ್ತಿದ್ದರೆ, ಬೆಳಗ್ಗೆ ನಾಲ್ಕಕ್ಕೆ ಎದ್ದು ಪ್ರಾರ್ಥಿಸುವ ಹರಕೆ ಹೊರಬೇಡಿ. ಗಂಜಿ, ಚಟ್ನಿ ಆದರೂ ಸರಿ, ಕೂತು ಊಟ ಮಾಡಿ. ನಿಂತುಕೊಂಡು ಅಲ್ಲ.

ಎಲೀಯನ ಹಾಗೆ ಸಾಯುವ ಯೋಚನೆ ಬಂದರೆ ಅದನ್ನು ನಂಬಿಕೆಯ ಪರೀಕ್ಷೆ ಅಂತ ಒಳಗೇ ಇಟ್ಟುಕೊಳ್ಳಬೇಡಿ. ಮನೆಯವರಿಗೆ ಹೇಳಿ, ಡಾಕ್ಟರಿಗೆ ಹೇಳಿ. ಸರಕಾರದ ಟೆಲಿ ಮಾನಸ್ ನಂಬರ್ 14416ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ.

ದೂರು ಕೊಡಲು ಕಲಿಯಿರಿ

ನಾವು ಚಿಕ್ಕಂದಿನಲ್ಲಿ ಕಲಿತ ಪ್ರಾರ್ಥನೆ ಎಲ್ಲಾ ಸ್ತೋತ್ರ ಮತ್ತು ಬೇಡಿಕೆ. ದೇವರಿಗೆ ದೂರು ಕೊಡಬಹುದು ಅಂತ ಯಾರೂ ಹೇಳಿಕೊಡಲಿಲ್ಲ. ಬೈಬಲಿನ 150 ಕೀರ್ತನೆಗಳಲ್ಲಿ ಎಷ್ಟೋ ಕೀರ್ತನೆಗಳು ದೂರುಗಳೇ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಸಮಾಧಾನದ ಮಾತೂ ಇಲ್ಲ. ಆದರೂ ಯಾರೂ ಅದನ್ನು ಕಿತ್ತು ಹಾಕಲಿಲ್ಲ. ಶಿಲುಬೆಯ ಮೇಲೆ ಯೇಸುಸ್ವಾಮಿ, ನನ್ನನ್ನು ಯಾಕೆ ಕೈಬಿಟ್ಟೆ ಅಂತ ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು. ಅವರೇ ಕೇಳಿದ ಪ್ರಶ್ನೆಯನ್ನು ನಾವು ಕೇಳಬಾರದು ಅಂತ ಯಾರು ಹೇಳಿದ್ದು?

ಶುರು ಮಾಡಲು 13ನೇ ಕೀರ್ತನೆ ಒಳ್ಳೆಯದು. ಚಿಕ್ಕದು. ಮೊದಲ ಎರಡು ವಚನಗಳಲ್ಲಿ ನಾಲ್ಕು ಸಲ, ಇನ್ನೆಷ್ಟು ಕಾಲ ಅನ್ನುವ ಪ್ರಶ್ನೆ ಬರುತ್ತದೆ. ಆಮೇಲೆ ಒಂದು ಬೇಡಿಕೆ. ಕೊನೆಗೆ ನಂಬಿಕೆಯ ಎರಡು ಸಾಲು. ಒಂದು ನೋಟುಪುಸ್ತಕ ತೆಗೆದುಕೊಂಡು ಆ ನಾಲ್ಕು ಪ್ರಶ್ನೆಗಳ ಜಾಗದಲ್ಲಿ ನಿಮ್ಮವನ್ನು ಬರೆಯಿರಿ. ದೊಡ್ಡ ಮಾತು ಬೇಡ, ಮನೆಯ ಸಂಗತಿಯೇ ಇರಲಿ. ನಾನು ಬರೆದದ್ದು ಹೀಗೆ:

ಇನ್ನೆಷ್ಟು ಕಾಲ ಇವರು ನೀರನ್ನು ಲೋಟದಲ್ಲಿ ಅಳೆದು ಕುಡಿಯುವುದು?
ಇನ್ನೆಷ್ಟು ಕಾಲ ಅಡಿಕೆ ಮಾರಿದ ದುಡ್ಡು ಬಂದ ದಿನವೇ ಮಂಗಳೂರಿಗೆ ಹೋಗುವುದು?
ಇನ್ನೆಷ್ಟು ಕಾಲ ಮಕ್ಕಳ ಹತ್ತಿರ, ಏನೂ ತೊಂದರೆ ಇಲ್ಲ ಅಂತ ಫೋನಿನಲ್ಲಿ ಸುಳ್ಳು ಹೇಳುವುದು?
ಇನ್ನೆಷ್ಟು ಕಾಲ ನೀನು ಸುಮ್ನೆ ಇರುವುದು?

ಬೇಡಿಕೆ ಒಂದೇ ಇರಲಿ, ಚಿಕ್ಕದಿರಲಿ. ರೋಗ ವಾಸಿಯಾಗಲಿ ಅಂತ ದಿನಾ ಬೇಡಿ ಬೇಡಿ ಬಾಯಿ ಒಣಗಿದ ಮೇಲೆ ನಾನು, ನಾಳೆ ಸೂಜಿ ಒಂದೇ ಸಲಕ್ಕೆ ಸರಿ ಕೂರಲಿ ಅಂತ ಬೇಡಲು ಶುರು ಮಾಡಿದೆ. ಡಯಾಲಿಸಿಸ್ ಸೂಜಿ ನೋಡಿದವರಿಗೆ ಇದು ಚಿಕ್ಕ ಬೇಡಿಕೆ ಅಲ್ಲ ಅಂತ ಗೊತ್ತು. ಸರಿ ಕೂತ ದಿನ ಅದನ್ನೂ ಬರೆದಿಡಿ. ಕೂರದ ದಿನವನ್ನೂ ಬರೆದಿಡಿ. ಕೊನೆಯ ಎರಡು ಸಾಲು ಹೇಳಲು ಮನಸ್ಸು ಒಪ್ಪದಿದ್ದರೆ ಬಿಡಿ. ನನ್ನ ಪುಸ್ತಕದಲ್ಲಿ ಎಷ್ಟೋ ಪುಟಗಳಲ್ಲಿ ಆ ಜಾಗ ಖಾಲಿಯೇ ಇದೆ.

ವಚನದ ಹಿಂದೆ ಮುಂದೆ ಓದಿ

ಸೂರ್ಯೋದಯದ ಚಿತ್ರದ ಮೇಲೆ ಅತಿ ಹೆಚ್ಚು ಬರುವುದು ಯೆರೆಮೀಯ 29:11. ನಿಮಗೆ ನಿರೀಕ್ಷೆ, ಒಳ್ಳೆಯ ಭವಿಷ್ಯ ಕೊಡುತ್ತೇನೆ ಅನ್ನುವ ಮಾತು. ಅದು ಬಾಬಿಲೋನಿಗೆ ಸೆರೆ ಹೋದ ಯೆಹೂದ್ಯರಿಗೆ ಬರೆದ ಕಾಗದದಲ್ಲಿದೆ. ಅದರ ಹಿಂದಿನ ವಚನ ಓದಿದರೆ, ಅದಕ್ಕೆ 70 ವರ್ಷ ಆಗಬೇಕು ಅಂತ ಇದೆ. ಕಾಗದ ಓದಿದ ಎಷ್ಟೋ ಮಂದಿ ವಾಪಸು ಊರು ನೋಡಿರಲಾರರು. ಇದು ತಿಳಿದ ಮೇಲೆ ಆ ವಚನದ ಮೇಲೆ ನನಗೆ ಸಿಟ್ಟು ಕಡಿಮೆಯಾಯಿತು. ಮುಂದಿನ ತಿಂಗಳು ಎಲ್ಲಾ ಸರಿ ಆಗುತ್ತದೆ ಅಂತ ಅದು ಹೇಳುವುದೇ ಇಲ್ಲ. ಅಷ್ಟರವರೆಗೆ ಏನು ಮಾಡಬೇಕು ಅಂತ 5ನೇ ವಚನದಲ್ಲಿದೆ: ಮನೆ ಕಟ್ಟಿ, ತೋಟ ಮಾಡಿ, ಅದರ ಫಲ ತಿನ್ನಿ.

ಒಂದು ವರ್ಷ ಆಟಿ ತಿಂಗಳ ಮಳೆಗೆ ಕೊಳೆರೋಗ ಬಂದು ಅಡಿಕೆ ಉದುರಿತ್ತು. ಬೋರ್ಡೋ ದ್ರಾವಣ ಹೊಡೆಸಲು ಜನ ಸಿಕ್ಕಿರಲಿಲ್ಲ. ಆದರೂ ಸತ್ತ ಕಂಗುಗಳ (ಅಡಿಕೆ ಮರಗಳ) ಜಾಗದಲ್ಲಿ ಹೊಸ ಸಸಿ ಇಡಿಸಿದೆವು. ಅದು ಫಸಲು ಕೊಡಲು ಐದಾರು ವರ್ಷ ಬೇಕು. ಆಗ ನಾವು ಹೇಗಿರುತ್ತೇವೋ ಅಂತ ಯಜಮಾನರು ಕೇಳಿದರು. ನಾನು ಉತ್ತರ ಕೊಡಲಿಲ್ಲ, ನೀರು ಹಾಕಲು ಹೋದೆ.

ಬಾಯಿ ಬಾರದಿದ್ದರೆ ಜಪಸರ

ನಮ್ಮಲ್ಲಿ ರಾತ್ರಿ ತೇರ್ಸ, ಅಂದರೆ ಜಪಸರದ ಪ್ರಾರ್ಥನೆ, ಹೇಳುವ ಕ್ರಮ. ಸ್ವಂತ ಮಾತು ಇಲ್ಲದಾಗ ಹಳೆಯ ಮಾತು ಸಾಕು, ಮನಸ್ಸು ಎಲ್ಲೋ ಇದ್ದರೂ ಬೆರಳಿಗೆ ಮಣಿ ಸಿಗುತ್ತದೆ. ಮಂಗಳವಾರ ಮತ್ತು ಶುಕ್ರವಾರ ದುಃಖದ ರಹಸ್ಯಗಳು, ಅಂದರೆ ಯೇಸುಸ್ವಾಮಿಯ ಕಷ್ಟದ ಘಟನೆಗಳ ಧ್ಯಾನ: ಗೆತ್ಸೆಮನಿ ತೋಟದಿಂದ ಶಿಲುಬೆಯವರೆಗೆ. ಇಡೀ ತೇರ್ಸ ಆಗದಿದ್ದರೆ ಒಂದೇ ರಹಸ್ಯ, ಹತ್ತು ನಮೋ ಮರಿಯಾ ಹೇಳಿ ಮಲಗಿ. ಡಯಾಲಿಸಿಸ್ ಕುರ್ಚಿಯಲ್ಲಿ ಒಂದು ಕೈ ಅಲ್ಲಾಡಿಸುವ ಹಾಗಿಲ್ಲ, ಇನ್ನೊಂದು ಕೈಗೆ ಜಪಸರ ಆಗುತ್ತದೆ. ನಾಲ್ಕು ಗಂಟೆ ಸಾಗಬೇಕಲ್ಲ. ಬೇರೆ ಸಭೆಯವರು ಜಪಸರದ ಬದಲು ಗೊತ್ತಿರುವ ಒಂದು ಗೀತೆಯನ್ನು ಗುನುಗಿದರೂ ಅದೇ ಕೆಲಸ ಮಾಡುತ್ತದೆ.

ಬೇಳದ ಇಗರ್ಜಿ 1890ರದ್ದು, ಶೋಕಮಾತೆಗೆ, ಅಂದರೆ ದುಃಖ ಉಂಡ ಮರಿಯಮ್ಮನಿಗೆ, ಅರ್ಪಿಸಿದ್ದು. ಶೋಕಮಾತೆಯ ಸ್ಮರಣೆ ಸೆಪ್ಟೆಂಬರ್ 15ಕ್ಕೆ, ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಫೆಸ್ತ್ ಕಳೆದು ಒಂದೇ ವಾರಕ್ಕೆ. ಮಾತೆಯ ಏಳು ವ್ಯಾಕುಲಗಳಲ್ಲಿ ಮಗುವನ್ನು ಎತ್ತಿಕೊಂಡು ಪರದೇಶಕ್ಕೆ ಓಡಿದ್ದಿದೆ, ಮೂರು ದಿನ ಮಗ ಕಾಣೆಯಾಗಿ ಹುಡುಕಿದ್ದಿದೆ, ಮಗನ ಹೆಣ ಇಳಿಸಿಕೊಂಡದ್ದಿದೆ. ನಗುಮುಖ ಹೊತ್ತು ಹೋಗಲು ಆಗದ ದಿನ ನಾನು ಪೂಜೆ ಇಲ್ಲದ ಹೊತ್ತಿನಲ್ಲಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಏನೂ ಹೇಳುವುದಿಲ್ಲ.

ಸಹಾಯ ಕೇಳುವಾಗ ಪಟ್ಟಿ ಇರಲಿ

ಎಲ್ಲವನ್ನೂ ಮಾಡಲು ಶಕ್ತನಾಗಿದ್ದೇನೆ ಅನ್ನುವ ಪ್ರೇಷಿತ ಪೌಲನ ಮಾತು (ಫಿಲಿಪ್ಪಿ 4:13) ಸೆರೆಮನೆಯಿಂದ ಬರೆದದ್ದು. ಮರುವಚನದಲ್ಲೇ ಅವನು, ಆದರೂ ನನ್ನ ಕಷ್ಟದಲ್ಲಿ ನೀವು ಪಾಲು ತೆಗೆದುಕೊಂಡದ್ದು ಒಳ್ಳೆಯದಾಯಿತು ಅನ್ನುತ್ತಾನೆ. ಫಿಲಿಪ್ಪಿಯವರು ಕಳಿಸಿದ್ದು ಕೈಸೇರಿತು ಅಂತಲೂ ಬರೆಯುತ್ತಾನೆ. ಪೌಲನೇ ತೆಗೆದುಕೊಂಡ ಮೇಲೆ ನಮಗೆ ಯಾಕೆ ನಾಚಿಕೆ?

ಏನಾದರೂ ಬೇಕಿದ್ದರೆ ಹೇಳಿ ಅಂತ ಎಲ್ಲರೂ ಅನ್ನುತ್ತಾರೆ. ಏನೂ ಬೇಡ ಅನ್ನಬೇಡಿ. ವಾಡೊದ (ಇಗರ್ಜಿಯ ವಾರ್ಡಿನ) ಮುಖಂಡರಾದ ಗುರ್ಕಾರರಿಗೆ ನೇರ ಹೇಳಿ: ಗುರುವಾರ ಕುಂಬಳೆ ತನಕ ಬಿಡಲು ಒಂದು ಗಾಡಿ, ದನಕ್ಕೆ ಸಂಜೆ ಹುಲ್ಲು ಹಾಕಲು ಒಬ್ಬರು. ದುಡ್ಡಿನ ಅಡಚಣೆ ಇದ್ದರೆ ಇಗರ್ಜಿಯ ವಿನ್ಸೆಂಟ್ ದೆ ಪಾವ್ಲ್ ಸಭೆಯವರ ಹತ್ತಿರ ಮಾತಾಡಿ, ಆ ಸಭೆ ಇರುವುದೇ ಅದಕ್ಕೆ. ಗಡಿ ಮುಚ್ಚಿದಾಗ ಕಾಸರಗೋಡಿನಲ್ಲಿ ಡಯಾಲಿಸಿಸ್‌ಗೆ ಜಾಗ ಹುಡುಕಿ ಕೊಟ್ಟದ್ದು ಪಕ್ಕದ ತೋಟದ ಭಟ್ಟರು, ಗಾಡಿ ಓಡಿಸಿದ್ದು ಒಬ್ಬ ಬ್ಯಾರಿ ಮುಸ್ಲಿಂ ಹುಡುಗ. ದೇವರು ಯಾರ ಕೈಯಲ್ಲಿ ಕಳಿಸುತ್ತಾರೆ ಅಂತ ನಾವು ಮೊದಲೇ ತೀರ್ಮಾನ ಮಾಡಬಾರದು.

ಪ್ರಾರ್ಥನೆ ಮಾಡಿ ಮಾತ್ರೆ ನಿಲ್ಲಿಸಿ ಅನ್ನುವವರು ಬಂದರೆ ಚಹಾ ಕೊಟ್ಟು ಕಳಿಸಿ. ಕಥೋಲಿಕ ಬೈಬಲಿನ ಸಿರಾಖ 38ನೇ ಅಧ್ಯಾಯ ಅವರಿಗೆ ಓದಿ ಹೇಳಬಹುದು. ವೈದ್ಯನನ್ನು ಗೌರವಿಸು, ಔಷಧಿಯನ್ನು ಮಣ್ಣಿನಿಂದ ಹುಟ್ಟಿಸಿದ್ದು ದೇವರೇ ಅಂತ ಅಲ್ಲಿದೆ.

ನೋಡಲು ಹೋಗುವವರಿಗೆ

ನಮ್ಮ ಮನೆಗೆ ಬರುವವರು ಪ್ರೀತಿಯಿಂದ ಬೊಂಡ (ಎಳನೀರು) ತರುತ್ತಾರೆ. ಕಿಡ್ನಿ ಹೋದವರಿಗೆ ಎಳನೀರು ಅಪಾಯ, ಅದರಲ್ಲಿ ಪೊಟ್ಯಾಸಿಯಮ್ ಜಾಸ್ತಿ. ಎಲ್ಲಾ ದೇವರ ಚಿತ್ತ, ಎಲ್ಲಾ ಒಳ್ಳೆಯದಕ್ಕೇ ಅನ್ನುವ ಮಾತೂ ಆ ಬೊಂಡದ ಹಾಗೆ. ಬೇರೆಯವರಿಗೆ ಆದೀತು, ಈ ರೋಗಿಗೆ ಈಗ ಬೇಡ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದಲ್ಲಿ ಮಾತಿಲ್ಲದೆ ಕೂತಿದ್ದರು. ಅಲ್ಲಿಯವರೆಗೆ ಸರಿ ಇತ್ತು. ಬಾಯಿ ತೆರೆದ ಮೇಲೆ ಕೆಟ್ಟಿತು.

ನೀವು ಏಳು ದಿನ ಕೂರಬೇಕಾಗಿಲ್ಲ. ಕಾಲು ಗಂಟೆ ಸಾಕು. ರೋಗಿಯ ಹತ್ತಿರ ರೋಗ ಬಿಟ್ಟು ಬೇರೆ ಸುದ್ದಿ ಮಾತಾಡಿ, ಅಡಿಕೆ ರೇಟು ಆದರೂ ಸರಿ. ಪ್ರಾರ್ಥನೆ ಮಾಡುವುದಿದ್ದರೆ ಮೊದಲು ಕೇಳಿ, ಚಿಕ್ಕದಾಗಿ ಮಾಡಿ. ತಿಂಡಿ ತರುವುದಿದ್ದರೆ ಏನು ತಿನ್ನಬಹುದು ಅಂತ ಫೋನಿನಲ್ಲಿ ವಿಚಾರಿಸಿ. ನೋಡಿಕೊಳ್ಳುವವರಿಗೆ ಬೇರೆ ಡಬ್ಬಿಯಲ್ಲಿ ಬಂಗುಡೆ ಸಾರು ತಂದರೆ ಇನ್ನೂ ಒಳ್ಳೆಯದು. ಡಬ್ಬಿ ಅಲ್ಲೇ ಬಿಟ್ಟು ಹೋಗಿ, ಮುಂದಿನ ವಾರ ಅದನ್ನು ತೆಗೆದುಕೊಂಡು ಹೋಗಲು ಬಂದ ಹಾಗೆ ಪುನಃ ಬರಬಹುದು.